ಟೈಮಿಂಗ್ ಬೆಲ್ಟೂ, ಮಂಗಳವಾರವೂ

ಕಾರು ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ. ಟೈರ್ ಯಾವಾಗ ಬದಲಾಯಿಸಬೇಕು? ಗೆರೆ ಸವೆದಾಗ. ಬ್ಯಾಟರಿ? ಬೆಳಗ್ಗೆ ಸ್ಟಾರ್ಟ್ ಆಗದೆ ಗೊರಗೊರ ಅಂದಾಗ. ಬ್ರೇಕ್? ಕಿರ್ರ್ ಅಂದಾಗ. ಟೈಮಿಂಗ್ ಬೆಲ್ಟ್ ಯಾವಾಗ ಅಂತ ಕೇಳಿದರೆ ಮಾತ್ರ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಅದು ಹೇಳಿ ಕೇಳಿ ಹೋಗುವ ಜಾತಿಯದಲ್ಲ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಅದಕ್ಕೊಂದು ದೀಪವಿಲ್ಲ, ಸದ್ದಿಲ್ಲ, ವಾಸನೆಯಿಲ್ಲ. ನಿನ್ನೆವರೆಗೆ ಓಡುತ್ತಿತ್ತು, ಇವತ್ತು ಇಲ್ಲ. ಅಷ್ಟೇ.

ಕಳೆದ ಎರಡು ತಿಂಗಳು ನಮ್ಮ ಮನೆಯಲ್ಲಿ ಇದೇ ಚರ್ಚೆ. ಮನೆ ಇರೋದು ಭದ್ರಾವತಿಯಲ್ಲಿ, ನ್ಯೂಟೌನ್ ಹತ್ತಿರ. ಕಾರು 2011ರ ಮಾರುತಿ ಆಲ್ಟೊ, 800 ಸಿಸಿಯದ್ದು. ಆರ್.ಸಿ. ಪ್ರಕಾರ ಬಿಳಿ ಬಣ್ಣ. ಮೀಟರಿನಲ್ಲಿ 67 ಸಾವಿರ ಚಿಲ್ಲರೆ ಕಿಲೋಮೀಟರ್. ಹದಿನಾಲ್ಕು ವರ್ಷಕ್ಕೆ ಇದು ಏನೇನೂ ಅಲ್ಲ, ಟ್ಯಾಕ್ಸಿಯವರು ಒಂದೇ ವರ್ಷದಲ್ಲಿ ಓಡಿಸಿಬಿಡುತ್ತಾರೆ. ಆದರೆ ನಮ್ಮಪ್ಪ ಕಾರು ತಂದಿದ್ದು ಓಡಿಸೋಕೆ ಅಲ್ಲ, ಇರಲಿ ಅಂತ. ಮದುವೆ, ಮುಂಜಿ, ವರ್ಷಕ್ಕೊಂದು ಸಲ ಶೃಂಗೇರಿ-ಹೊರನಾಡು. ಉಳಿದ ದಿನ ಅದಕ್ಕೆ ಹಳೇ ಬೆಡ್‌ಶೀಟ್ ಹೊದಿಸಿ, ಎರಡು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು, ಆಫ್ ಮಾಡಿ ಒಳಗೆ ಬಂದು ಕಾಫಿ ಕುಡಿಯುತ್ತಿದ್ದರು.

ಹೋದ ವರ್ಷದಿಂದ ಅದು ಅಮ್ಮನ ಕಾರು ಆಯಿತು. ಅಮ್ಮನಿಗೆ ಕಿಡ್ನಿ ತೊಂದರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ, ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ. ಬೆಳಗ್ಗೆ ಆರು ಗಂಟೆಯ ಪಾಳಿ. ಐದಕ್ಕೆ ಮನೆ ಬಿಡಬೇಕು. ಯಾಕೆ ಅಷ್ಟು ಬೇಗ ಅಂದರೆ, ಮೊದಲ ಪಾಳಿಗೆ ಹೋದರೆ ನಾಲ್ಕು ಗಂಟೆ ಮೆಷಿನ್ನಿನ ಮೇಲೆ ಮಲಗಿ, ಸುಧಾರಿಸಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಸೇರಬಹುದು. ಎರಡನೇ ಪಾಳಿಯಾದರೆ ಇಡೀ ದಿನ ಹೋಯಿತು. ಬಸ್ಸಿನಲ್ಲಿ ಹೋಗಬಾರದಾ ಅಂತ ಕೇಳಿದವರಿದ್ದಾರೆ. ಹೋಗುವಾಗ ಹೋಗಬಹುದು. ಬರುವಾಗ ಆಗಲ್ಲ. ಮೆಷಿನ್ ಇಳಿದ ಮೇಲೆ ಬಿ.ಪಿ. ಇಳಿದಿರುತ್ತದೆ, ಅಮ್ಮ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ನಮ್ಮ ಭದ್ರಾವತಿ-ಶಿವಮೊಗ್ಗ ಬಸ್ಸಿನಲ್ಲಿ ಸೀಟು ಸಿಗೋದು ಗೋಡೆ ಹಿಡಿದು ನಡೆಯುವವರಿಗಲ್ಲ, ಕಿಟಕಿಯಿಂದ ಟವೆಲ್ ಎಸೆಯುವವರಿಗೆ.

ಇರಲಿ, ಬೆಲ್ಟಿಗೆ ಬರ್ತೀನಿ.

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್. ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿದು ಅದನ್ನು ತಿರುಗಿಸುತ್ತವೆ. ಮೇಲೆ ಕ್ಯಾಮ್ ಶಾಫ್ಟ್. ಅದು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ, ಅಂದರೆ ಪೆಟ್ರೋಲು-ಗಾಳಿ ಒಳಗೆ, ಹೊಗೆ ಹೊರಗೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು. ಒಂದು ಹಲ್ಲು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇವೆರಡನ್ನೂ ಕಟ್ಟಿಹಾಕಿರುವುದು ಒಂದು ಹಲ್ಲಿರುವ ರಬ್ಬರ್ ಪಟ್ಟಿ. ಒಳಗೆ ಗಾಜಿನ ನಾರು, ಹೊರಗೆ ಬಟ್ಟೆಯ ಹೊದಿಕೆ. ಅಕ್ಕಿ ಗಿರಣಿಯ ಬೆಲ್ಟು ನೋಡಿರ್ತೀರಿ, ಅದಕ್ಕೆ ಹಲ್ಲಿಲ್ಲ. ಸ್ವಲ್ಪ ಜಾರಿದರೆ ಏನೂ ಆಗಲ್ಲ, ಅಕ್ಕಿ ಒಂಚೂರು ನಿಧಾನ ಬೀಳುತ್ತದೆ. ಇಲ್ಲಿ ಜಾರುವ ಹಾಗೇ ಇಲ್ಲ.

ಎಷ್ಟು ವೇಗ ಅಂತೀರಿ? ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು. ಪ್ರತಿಯೊಂದು ವಾಲ್ವೂ ಒಂದು ಸೆಕೆಂಡಿನಲ್ಲಿ 25 ಸಲ ತೆರೆದು ಮುಚ್ಚಬೇಕು. ಅಜ್ಜಿ ಮನೆಯಲ್ಲಿ ಒಂದೇ ಒರಳಿಗೆ ಇಬ್ಬರು ನಿಂತು ಒನಕೆ ಹಾಕುವುದನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಒಂದು ಒನಕೆ ಏಳುವಾಗ ಇನ್ನೊಂದು ಇಳಿಯಬೇಕು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ಇರೋದು ಇದೇ ಸಂಬಂಧ. ಒರಳು ಒಂದೇ. ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ತೆರೆದುಕೊಂಡ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ, ವಾಲ್ವ್ ಬಗ್ಗುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಇಬ್ಬರಿಗೂ ಸಾಕಷ್ಟು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಗಾಡಿ ನಿಲ್ಲುತ್ತದೆ, ಬೇರೇನೂ ಮುರಿಯಲ್ಲ.

ನಮ್ಮ ಹಿಂದಿನ ತಲೆಮಾರಿಗೆ ಈ ಚಿಂತೆಯೇ ಇರಲಿಲ್ಲ. ಅಂಬಾಸಿಡರಿನಲ್ಲೂ, ಪ್ರೀಮಿಯರ್ ಪದ್ಮಿನಿಯಲ್ಲೂ ಇದ್ದದ್ದು ಚೈನು. ಬೆಲ್ಟನ್ನು ನಮ್ಮ ನಮ್ಮ ಬೀದಿಗೆ ತಂದಿದ್ದು 1983ರ ಕೊನೆಯಲ್ಲಿ ಬಂದ ಮಾರುತಿ 800. ಜಗತ್ತಿನಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1960ರ ದಶಕದ ಶುರುವಿನಲ್ಲಿ, ಗ್ಲಾಸ್ ಅನ್ನೋ ಜರ್ಮನಿಯ ಸಣ್ಣ ಕಂಪನಿಯೊಂದು ತನ್ನ ಕಾರಿಗೆ ಇದನ್ನು ಹಾಕಿತ್ತು. ಹಗುರ, ಅಗ್ಗ, ಗದ್ದಲವಿಲ್ಲ, ಎಣ್ಣೆ ಬೇಡ. ಇಷ್ಟೆಲ್ಲ ಒಳ್ಳೆಯ ಗುಣಕ್ಕೆ ಒಂದೇ ಷರತ್ತು: ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಈಗ ಹೊಸ ಮಾರುತಿ ಗಾಡಿಗಳಲ್ಲಿ ಮತ್ತೆ ಚೈನು ಬಂದಿದೆ, ಅದು ಬೇರೆ ಮಾತು. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಫೋನಿನಲ್ಲಿ "ಅದನ್ನ ಮಾರಿ ಎಲೆಕ್ಟ್ರಿಕ್ ತಗೋ, ಬೆಲ್ಟೂ ಇಲ್ಲ, ಚೈನೂ ಇಲ್ಲ" ಅಂದ. ದುಡ್ಡೂ ಇಲ್ಲ ಅಂದೆ.

ಹೊತ್ತು ಅಂದರೆ ಯಾವುದು? ಇಲ್ಲೇ ಗಲಾಟೆ ಶುರುವಾಗೋದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರೋದು ಒಂದು ಲಕ್ಷ ಕಿಲೋಮೀಟರ್. ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಹೇಳುತ್ತಾರೆ, ಅರವತ್ತು ಸಾವಿರದಿಂದ ಲಕ್ಷದ ಮೇಲಿನವರೆಗೂ. ಹಲವರು ಕಿಲೋಮೀಟರ್ ಜೊತೆಗೆ ಇಷ್ಟು ವರ್ಷ ಅಂತಲೂ ಸೇರಿಸಿ, ಯಾವುದು ಮೊದಲು ಬರುತ್ತೋ ಅದು ಅಂತಾರೆ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ ಅನ್ನೋದು ಅದರ ಅರ್ಥ.

ನಾನು ಒಂದು ದಿನ ಕೂತು ಲೆಕ್ಕ ಹಾಕಿದೆ. ಮನೆಯಿಂದ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರ್. ಹೋಗಿ ಬಂದರೆ 40, ವಾರಕ್ಕೆ 80, ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆ. ಲಕ್ಷ ಮುಟ್ಟೋಕೆ ಇನ್ನೂ 33 ಸಾವಿರ ಬಾಕಿ. ಅಂದರೆ ಎಂಟು ವರ್ಷ. ಆಗ ಬೆಲ್ಟಿಗೆ ಇಪ್ಪತ್ತೆರಡು ತುಂಬಿರುತ್ತದೆ. ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಎಂಟು ವರ್ಷ ಅಂದಾಗ ಬೇರೆ ಲೆಕ್ಕವೂ ಮನಸ್ಸಿಗೆ ಬರುತ್ತದಲ್ಲ, ಅದನ್ನು ಹಾಕೋಕೆ ಇಷ್ಟವಾಗಲಿಲ್ಲ.

ಬೆಲ್ಟ್ ಬದಲಾಯಿಸೋಣ ಅಂತ ಅಪ್ಪನಿಗೆ ಹೇಳಿದೆ. ಅಪ್ಪ ಪೇಪರ್ ಕೆಳಗಿಳಿಸದೆ "ಓಡ್ತಾ ಇರೋದನ್ನ ಬಿಚ್ಚಬಾರದು" ಅಂದರು.

ಇದನ್ನು ಹಳೇ ಕಾಲದವರ ಮೊಂಡುತನ ಅಂದುಕೊಳ್ಳಬೇಡಿ. ಅಪ್ಪ ನಮ್ಮೂರ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಮೇಂಟೆನೆನ್ಸ್ ಸೆಕ್ಷನ್ನಿನಲ್ಲಿದ್ದವರು. 1923ರಲ್ಲಿ ಮೊದಲ ಕಬ್ಬಿಣ ಸುರಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯಲ್ಲಿ ಅವರು ಮಾಡಿದ್ದು ಇದೇ ಕೆಲಸ: ಯಾವ ಬೇರಿಂಗ್ ಯಾವಾಗ ತೆಗೆಯೋದು, ಯಾವ ಕನ್ವೇಯರ್ ಬೆಲ್ಟು ಇನ್ನೊಂದು ತಿಂಗಳು ಬರುತ್ತದೆ, ಯಾವುದು ಬರಲ್ಲ. ಅವರ ವಾದ ಏನು ಗೊತ್ತಾ? ಶಟ್‌ಡೌನ್ ಮಾಡಿ ಎಲ್ಲ ಬಿಚ್ಚಿ ಹೊಸದು ಹಾಕಿ ಶುರು ಮಾಡಿದ ಮಾರನೇ ದಿನವೇ ಜಾಸ್ತಿ ಬ್ರೇಕ್‌ಡೌನ್ ಆಗೋದು. ಒಂದು ಬೋಲ್ಟು ಸಡಿಲ ಬಿಟ್ಟಿರ್ತಾರೆ, ಒಂದು ಸೀಲು ಸೊಟ್ಟ ಕೂತಿರತ್ತೆ, ಹೊಸ ಬೇರಿಂಗೇ ಸರಿ ಇರಲ್ಲ. ಹಳೇ ಮೆಷಿನ್ನು ಹೇಗೋ ತನ್ನ ತಾನೇ ಹೊಂದಿಕೊಂಡು ಓಡ್ತಾ ಇರತ್ತೆ, ನಾವು ಕೈ ಹಾಕಿ ಕೆಡಿಸ್ತೀವಿ. "ಹದಿನಾಲ್ಕು ವರ್ಷ ಬಂದ ಬೆಲ್ಟು ನಂಬೋಕೆ ಲಾಯಕ್ಕು. ನಾಳೆ ಹಾಕೋ ಬೆಲ್ಟಿನ ಪರಿಚಯ ನಿನಗಿದೆಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಪ್ಪಿಕೊಳ್ಳಬೇಕಾದ ಮಾತೇ ಅದು. ಟೈಮಿಂಗ್ ಬೆಲ್ಟಿನ ವಿಷಯದಲ್ಲಂತೂ ಇನ್ನೂ ನಿಜ. ಹಾಕುವಾಗ ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಮೊದಲಿನ ಹಾಗೆ ಇರಲ್ಲ. ಮಾರ್ಕೆಟ್ಟಿನಲ್ಲಿ ಡೂಪ್ಲಿಕೇಟ್ ಮಾಲು ಬೇರೆ. ಡಬ್ಬ ನೋಡಿದರೆ ಅಪ್ಪಟ ಕಂಪನಿಯದು, ಒಳಗೆ ಯಾರೋ ಕೊಯ್ದ ರಬ್ಬರು.

ಎರಡು ವಾರ ಸುಮ್ಮನಿದ್ದೆ. ಸುಮ್ಮನಿದ್ದೆ ಅಂದರೆ ಮನಸ್ಸು ಸುಮ್ಮನಿರಲಿಲ್ಲ. ಬೆಳಗ್ಗೆ ಐದಕ್ಕೆ ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಕಿವಿ ಪೂರ್ತಿ ಬಾನೆಟ್ಟಿನ ಒಳಗೇ. ಚಳಿಗಾಲದಲ್ಲಿ ಆ ಹೊತ್ತಿಗೆ ಮಾಚೇನಹಳ್ಳಿ ಹತ್ತಿರ ಮಂಜು ಬಿದ್ದಿರುತ್ತದೆ, ಎದುರಿನ ಲಾರಿಯ ಲೈಟು ಹತ್ತಿರ ಬರುವವರೆಗೂ ಕಾಣಲ್ಲ. ನಿದಿಗೆ ದಾಟಿ ಮಲವಗೊಪ್ಪ ಬಂತು ಅಂದರೆ ನನಗೆ ಉಸಿರು ಬಿಟ್ಟ ಹಾಗೆ. ಇನ್ನು ನಿಂತರೂ ಪರವಾಗಿಲ್ಲ, ಆಟೋ ಸಿಗುತ್ತೆ. ಅಮ್ಮ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತು ಒಂದೇ ಒಂದು ವಿಷಯ ಮಾತಾಡುತ್ತಾರೆ, ತಿನ್ನಬಾರದ ಪದಾರ್ಥಗಳ ಬಗ್ಗೆ. ಎಳನೀರು ಕುಡಿಯಬಾರದು, ಬಾಳೆಹಣ್ಣು ತಿನ್ನಬಾರದು, ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಮಲೆನಾಡಿನವರಿಗೆ ಎಳನೀರು ಬೇಡ ಅಂದರೆ ಇನ್ನೇನು ಉಳಿಯಿತು ಹೇಳಿ.

ಆಮೇಲೆ ಒಂದು ಗುರುವಾರ ಅಮ್ಮನನ್ನು ಮೆಷಿನ್ನಿಗೆ ಹಾಕಿದ ಮೇಲೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ. ಶಿವಮೊಗ್ಗದವರಿಗೆ ಹೇಳಬೇಕಾಗಿಲ್ಲ, ಗ್ಯಾರೇಜು, ಲೇತು, ವೆಲ್ಡಿಂಗು, ಬಾಡಿ ಕಟ್ಟೋರು, ಎಲ್ಲ ಅಲ್ಲೇ. ನಮ್ಮ ಮೇಸ್ತ್ರಿಗೆ ಐವತ್ತೈದರ ಮೇಲೆ ವಯಸ್ಸು, ಮಾರುತಿ ಗಾಡಿ ಬಿಟ್ಟು ಬೇರೆ ಮುಟ್ಟಲ್ಲ. ನಾನು ಓದಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸಿದೆ. ನಮ್ಮ ಎಂಜಿನ್ನಿನಲ್ಲಿ ವಾಲ್ವು ಬಗ್ಗುತ್ತಾ ಇಲ್ವಾ ಅಂತಲೂ ಕೇಳಿದೆ. ಆತ ಕೈಯಲ್ಲಿದ್ದ ಸ್ಪ್ಯಾನರ್ ಒರೆಸುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಗಾಡೀಲಿ ಯಾರು ಓಡಾಡ್ತಾರೆ ಸಾರ್?"

ಹೇಳಿದೆ.

"ಮತ್ತೆ ವಾಲ್ವ್ ಬಗ್ಗಿದ್ರೇನು, ಬಗ್ಗದಿದ್ರೇನು? ಬೆಳಗ್ಗೆ ಐದು ಗಂಟೆಗೆ ನಡುರೋಡಲ್ಲಿ ನಿಂತ್ರೆ ಎರಡೂ ಒಂದೇ ಅಲ್ವಾ?"

ಎಷ್ಟು ಸರಳ ನೋಡಿ. ನಾನು ಎರಡು ತಿಂಗಳು ಹೆಡ್ ಬಿಚ್ಚುವ ಖರ್ಚು ಎಷ್ಟು, ಬೆಲ್ಟಿನ ಖರ್ಚು ಎಷ್ಟು, ಗಾಡಿ ಮಾರಿದರೆ ಎಷ್ಟು ಬರುತ್ತೆ ಅಂತ ತಕ್ಕಡಿ ಹಿಡಿದಿದ್ದೆ. ಮಾಲೀಕ ಒಬ್ಬನೇ ಪೇಟೆಗೆ ಹೋಗಿ ಬರುವ ಗಾಡಿಯಾದರೆ ಆ ತಕ್ಕಡಿ ಸರಿ. ಬೆಲ್ಟ್ ಹೋದರೆ ಟೋಯಿಂಗ್, ಒಂದು ದಿನದ ತಲೆನೋವು, ಇಪ್ಪತ್ತು ಸಾವಿರ ಖರ್ಚು. ಬೈದುಕೊಂಡು ಕೊಟ್ಟುಬಿಡಬಹುದು. ಅಂಥವರು ಲಕ್ಷ ಆಗಲಿ ಅಂತ ಕಾದರೆ ನಾನೇನೂ ತಪ್ಪು ಅನ್ನಲ್ಲ. ನಮ್ಮ ಗಾಡಿ ಹೊರುವ ಭಾರವೇ ಬೇರೆ.

ಮೇಸ್ತ್ರಿ ಮೇಲಿನ ಕವರ್ ಬಿಚ್ಚಿ ಬೆಲ್ಟನ್ನು ಬೆರಳಲ್ಲಿ ತಿರುಚಿ ನೋಡಿದರು. ಬಿರುಕಿಲ್ಲ. ಅಂಚು ಬಿಚ್ಚಿಲ್ಲ. ಎಣ್ಣೆ ತಾಗಿಲ್ಲ. "ಚೆನ್ನಾಗೇ ಕಾಣ್ತಾ ಇದೆ. ಆದ್ರೆ ಇದು ಕಾಣೋದಕ್ಕೂ ಇರೋದಕ್ಕೂ ಸಂಬಂಧ ಇಲ್ಲ ಸಾರ್. ಕಪ್ಪಗೆ ಹೊಸದರ ಹಾಗಿದ್ದಿದ್ದೇ ಕಟ್ ಆಗಿ ಬಂದಿದ್ದು ನೋಡೀನಿ." ಬೆಲ್ಟಿನ ಶಕ್ತಿ ಇರೋದು ಒಳಗಿನ ನಾರಿನಲ್ಲಿ, ಅದು ಹೊರಗೆ ಕಾಣಲ್ಲ. ಜೊತೆಗೆ ಬೆಲ್ಟ್ ಒಂದೇ ಬದಲಾಯಿಸಿದರೆ ಪ್ರಯೋಜನ ಇಲ್ಲವಂತೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅಂತ ಒಂದು ಸಣ್ಣ ಚಕ್ರ ಇದೆ, ಅದರ ಬೇರಿಂಗ್ ಕಚ್ಚಿಕೊಂಡರೆ ಹೊಸ ಬೆಲ್ಟೂ ಹರಿಯುತ್ತದೆ. ಕ್ಯಾಮ್ ಮತ್ತು ಕ್ರ್ಯಾಂಕಿನ ಆಯಿಲ್ ಸೀಲುಗಳನ್ನೂ ಆಗಲೇ ಹಾಕಿಬಿಡಬೇಕು, ಮುಂದೆ ಅವು ಸೋರಿದರೆ ಎಣ್ಣೆ ಬಿದ್ದು ರಬ್ಬರು ಕೆಡುತ್ತದೆ. ಎಲ್ಲ ಸೇರಿ ಕೂಲಿಯೊಂದಿಗೆ ನಾಲ್ಕು ಸಾವಿರದ ಒಳಗೆ.

ಮನೆಗೆ ಬಂದು ಅಪ್ಪನ ಎದುರು ಇನ್ನೊಮ್ಮೆ ಕೂತೆ. ಈ ಸಲ ಅವರದ್ದೇ ಆಯುಧ ತಂದಿದ್ದೆ.

ನಮ್ಮೂರಿನವರಿಗೆ ನಿಂತ ಮೆಷಿನ್ನಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಗೇಟಿನ ಮುಂದೆ ಧರಣಿ ಆಯಿತು, ಅದೇ ವರ್ಷ ಬಾರ್ ಮಿಲ್ ಮತ್ತೆ ಶುರುವಾಯಿತು. ಆ ದಿನಗಳಲ್ಲಿ ಅಪ್ಪ ಸಂಜೆ ವಾಕಿಂಗ್ ಹೋಗಿ ಬಂದು ದಿನಾ ಹೇಳುತ್ತಿದ್ದ ಮಾತು ಒಂದೇ: "ಓಡೋ ಮೆಷಿನ್ನಿಗಿಂತ ನಿಂತ ಮೆಷಿನ್ನು ಬೇಗ ಹಾಳಾಗತ್ತೆ ಕಣೋ. ಗ್ರೀಸು ಗಟ್ಟಿಯಾಗತ್ತೆ, ಸೀಲು ಒಣಗತ್ತೆ, ಬೆಲ್ಟು ಯಾವ ಆಕಾರಕ್ಕೆ ನಿಂತಿದೆಯೋ ಅದೇ ಆಕಾರಕ್ಕೆ ಕೂತುಬಿಡತ್ತೆ."

"ನಮ್ಮ ಕಾರು ಎಷ್ಟು ವರ್ಷ ನಿಂತಿತ್ತು ಅಪ್ಪಾ?" ಅಂದೆ. "2020ರ ಲಾಕ್‌ಡೌನಿನಲ್ಲಿ ಮೂರು ತಿಂಗಳು ಗೇಟ್ ದಾಟಿಲ್ಲ. ಅದಕ್ಕೆ ಮೊದಲೂ ವಾರಕ್ಕೆ ಹತ್ತು ಕಿಲೋಮೀಟರ್. ಅದು 67 ಸಾವಿರ ಓಡಿದ ಗಾಡಿ ಅಲ್ಲ, ಹನ್ನೆರಡು ವರ್ಷ ನಿಂತ ಗಾಡಿ."

ಅಪ್ಪ ಈಗ ಪೇಪರ್ ಮಡಚಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಯಾವತ್ತು ಬಿಡ್ತೀಯ?" ಅಂತ ಕೇಳಿದರು.

ನಿಜವಾದ ಪ್ರಶ್ನೆ ಇದೇ ಅಂತ ನನಗೆ ಆಗ ಗೊತ್ತಾಯಿತು ನೋಡಿ. ಬೆಲ್ಟ್ ಯಾವಾಗ ಬದಲಾಯಿಸಬೇಕು ಅಂದರೆ ಎಲ್ಲರೂ ಕಿಲೋಮೀಟರ್ ಹೇಳುತ್ತಾರೆ, ವರ್ಷ ಹೇಳುತ್ತಾರೆ. ವಾರ ಯಾರೂ ಹೇಳಲ್ಲ. ಅಪ್ಪನ ಹಳೇ ವಾದ ಎಲ್ಲೂ ಹೋಗಿರಲಿಲ್ಲ. ಬಿಚ್ಚಿ ಹಾಕಿದ ಮಾರನೇ ದಿನವೇ ಅಪಾಯ ಅನ್ನೋದಾದರೆ, ಆ ಮಾರನೇ ದಿನ ಅಮ್ಮ ಗಾಡಿಯಲ್ಲಿ ಇರಬಾರದು. ಏನು ಕೈಕೊಡುವುದಿದ್ದರೂ ನಾವಿಬ್ಬರೇ ಇರುವಾಗ ಕೈಕೊಡಲಿ.

ಮೊದಲು ನಾನು ಶುಕ್ರವಾರ ಅಂದೆ. ಗುರುವಾರ ಡಯಾಲಿಸಿಸ್ ಮುಗಿದಿರುತ್ತೆ, ಶನಿವಾರ ಭಾನುವಾರ ಓಡಿಸಿ ನೋಡಬಹುದು, ಸೋಮವಾರಕ್ಕೆ ಬೇಕಾದಷ್ಟು ಸಮಯ. ಅಪ್ಪ ತಲೆ ಅಲ್ಲಾಡಿಸಿದರು. ಗುರುವಾರದಿಂದ ಸೋಮವಾರದವರೆಗಿನ ಅಂತರ ಉದ್ದದ್ದು. ನಾಲ್ಕು ದಿನದ ನೀರು ಮೈಯಲ್ಲೇ ಇರುತ್ತದೆ, ಭಾನುವಾರ ರಾತ್ರಿ ಅಮ್ಮನಿಗೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ದಿಂಬಿಗೆ ಒರಗಿ ಕೂತೇ ಇರುತ್ತಾರೆ. ಎರಡು ಸಲ ರಾತ್ರಿಯೇ ಆಸ್ಪತ್ರೆಗೆ ಓಡಿದ್ದೂ ಉಂಟು. ಆ ನಾಲ್ಕು ದಿನ ಮನೆ ಮುಂದೆ ಗಾಡಿ ಇಲ್ಲ, ಅಥವಾ ಇನ್ನೂ ನಂಬಿಕೆ ಬರದ ಗಾಡಿ ಇದೆ ಅನ್ನುವ ಹಾಗಾಗಬಾರದು. ಸೋಮವಾರದಿಂದ ಗುರುವಾರಕ್ಕೆ ಮೂರೇ ದಿನ. ಸೋಮವಾರ ಮೈ ಹಗುರಾಗಿರುತ್ತದೆ, ಮಂಗಳವಾರ ಬುಧವಾರ ಅಮ್ಮ ಅಡುಗೆ ಮನೆಗೂ ಬರುತ್ತಾರೆ. ಆದ್ದರಿಂದ ಕೆಲಸ ಮಂಗಳವಾರ, ಪರೀಕ್ಷೆ ಬುಧವಾರ. ಎದುರು ಮನೆಯವರಿಗೆ ಹೇಳಿ ಅವರ ಕಾರು ಎರಡು ರಾತ್ರಿ ಕೈಗೆ ಸಿಗುವ ಹಾಗೆ ಮಾಡಿಕೊಂಡೆವು.

ಈ ಯೋಜನೆಗೆ ಅಡ್ಡ ಬಂದಿದ್ದು ಅಮ್ಮ. "ಮಂಗಳವಾರ ಯಾರಾದ್ರೂ ಹೊಸದು ಹಾಕಿಸ್ತಾರೇನೋ?"

ಅಪ್ಪ ಕನ್ನಡಕದ ಮೇಲಿಂದ ನೋಡಿ, "ಹಳೇದು ತೆಗೆಸ್ತಾ ಇದಾನೆ ಅಂದ್ಕೋ" ಅಂದರು.

ಅಮ್ಮ ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಆ ದಿನ ಕಾರಿನ ಡ್ಯಾಶ್‌ಬೋರ್ಡಿನ ಗಣಪತಿಗೆ ಮಾತ್ರ ಎರಡು ದಾಸವಾಳ ಜಾಸ್ತಿ ಇತ್ತು.

ಮಂಗಳವಾರ ಅಪ್ಪನೂ ಬಂದರು. ಗ್ಯಾರೇಜಿನಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೊದಲು ಬೆಲ್ಟಿನ ಡಬ್ಬ ಕೈಗೆ ತಗೊಂಡು ಹೋಲೋಗ್ರಾಂ ನೋಡಿದರು, ಬೆಲ್ಟಿನ ಮೇಲಿನ ನಂಬರನ್ನೂ ಡಬ್ಬದ ನಂಬರನ್ನೂ ಹೋಲಿಸಿದರು, ಹಲ್ಲುಗಳನ್ನು ಎಣಿಸೋಕೂ ಶುರು ಮಾಡಿದರು. ಮೇಸ್ತ್ರಿಗೆ ಮೊದಲು ಸ್ವಲ್ಪ ಇರುಸುಮುರುಸು. "ಸಾರ್ ಫ್ಯಾಕ್ಟರಿಯವ್ರಾ?" ಅಂತ ನನ್ನ ಕಿವಿಯಲ್ಲಿ ಕೇಳಿದರು. ಹೌದು ಅಂದೆ. "ಹಂಗಾದ್ರೆ ನೋಡ್ಲಿ ಬಿಡಿ."

ಮುಂದಿನ ಬಲಗಡೆ ಚಕ್ರ ತೆಗೆದರು. ಫ್ಯಾನ್ ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಕವರು ಒಂದೊಂದೇ ಬಿಚ್ಚಿದರು. ಗುರುತುಗಳನ್ನು ಸರಿಯಾಗಿ ಕೂರಿಸಿ ಹಳೇ ಬೆಲ್ಟನ್ನು ಜಾರಿಸಿ ತೆಗೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಬಗ್ಗಿಸಿದರು, ತಿರುಚಿದರು, ಉಗುರಿನಿಂದ ಹಲ್ಲು ಕೆದಕಿದರು, ಮೂಸಿಯೂ ನೋಡಿದರು. ಏನೂ ಆಗಿರಲಿಲ್ಲ. "ನೋಡು, ಇನ್ನೂ ಹತ್ತು ವರ್ಷ ಬರ್ತಿತ್ತು" ಅಂತ ನನ್ನ ಕಡೆ ತಿರುಗಿದರು. ಗೆದ್ದ ಮುಖ.

ಆಮೇಲೆ ಮೇಸ್ತ್ರಿ ಹಳೇ ಟೆನ್ಷನರ್ ಬಿಚ್ಚಿ ಕೊಟ್ಟರು. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ಒಮ್ಮೆ ತಿರುಗಿಸಿದರು. ಮತ್ತೊಮ್ಮೆ. ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ. ನನಗೂ ಕೇಳಿಸಿತು, ಸಣ್ಣಗೆ ಮರಳು ತಿಕ್ಕಿದ ಹಾಗೆ ಕರಕರ. ಹೊಸದನ್ನೂ ತಿರುಗಿಸಿ ನೋಡಿದರು, ಅದರಲ್ಲಿ ಏನೂ ಸದ್ದಿಲ್ಲ. ಹಳೆಯದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡರು. ಅರ್ಧ ಗಂಟೆ ಅಪ್ಪನ ಬಾಯಿಂದ ಮಾತಿಲ್ಲ. ನಾನೂ ಏನೂ ಕೇಳಲಿಲ್ಲ. ಮೂವತ್ತು ವರ್ಷ ಬೇರಿಂಗಿನ ಸದ್ದು ಕೇಳಿ ಅನ್ನ ತಿಂದ ಮನುಷ್ಯ, ಅವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಹೊಸ ಬೆಲ್ಟ್ ಹಾಕಿದ ಮೇಲೆ ಹುಡುಗ ಕವರ್ ಮುಚ್ಚೋಕೆ ಹೊರಟ. ಆಗ ಅಪ್ಪ ಬಾಯಿ ಬಿಟ್ಟರು. "ಎರಡು ಸುತ್ತು ಕೈಯಲ್ಲಿ ತಿರುಗಿಸಿ." ಮೇಸ್ತ್ರಿ ನಕ್ಕರು. "ನಾನೇ ಮಾಡೋನಿದ್ದೆ ಸಾರ್." ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ನಿಧಾನ ಎರಡು ಪೂರ್ತಿ ಸುತ್ತು ತಿರುಗಿಸಿದರು, ಕ್ಯಾಮ್ ಒಂದು ಸುತ್ತು ಬಂತು, ಮೇಲಿನ ಗುರುತು, ಕೆಳಗಿನ ಗುರುತು ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಎಲ್ಲೂ ತಡೆಯಲಿಲ್ಲ. ನೀವು ಯಾರಾದರೂ ಬೆಲ್ಟ್ ಹಾಕಿಸುವುದಿದ್ದರೆ ಈ ಎರಡು ಸುತ್ತನ್ನು ಮಾತ್ರ ಎದುರಿಗೆ ನಿಂತು ನೋಡಿ. ಕೀ ತಿರುಗಿಸಿ ನೋಡೋಣ ಅನ್ನುವವರಿದ್ದಾರೆ, ತಪ್ಪಿದ್ದರೆ ಆ ಒಂದು ಕೀಯಲ್ಲೇ ಒನಕೆಗೆ ಒನಕೆ ಬಡಿದಿರುತ್ತದೆ.

ಬಿಲ್ಲು 3,900. ಅಪ್ಪ ಜೇಬಿನಿಂದ ತೆಗೆದು ತಾವೇ ಕೊಟ್ಟರು, ಹುಡುಗನಿಗೆ ಬೇರೆಯಾಗಿ ನೂರು ರೂಪಾಯಿ.

ಬುಧವಾರ ಬೆಳಗ್ಗೆ ನಾನೂ ಅಪ್ಪನೂ ಬಿ.ಆರ್.ಪಿ. ಕಡೆಗೆ ಹೊರಟೆವು. ಬೇಕಂತಲೇ ಐದು ಗಂಟೆಗೆ. ಎಂಜಿನ್ ತಣ್ಣಗಿರಬೇಕು, ಚಳಿ ಇರಬೇಕು, ಗುರುವಾರ ಹೇಗಿರುತ್ತೋ ಹಾಗೇ ಇರಬೇಕು ಅಂತ ಅಪ್ಪನ ಆಜ್ಞೆ. ಅಣೆಕಟ್ಟಿನ ಹತ್ತಿರ ಗಾಡಿ ಆಫ್ ಮಾಡಿ, ನಾಲ್ಕು ಗಂಟೆ ನಿಲ್ಲಿಸಿದೆವು. ಯಾಕೆ ಅಂದರೆ ಆಸ್ಪತ್ರೆ ಮುಂದೆಯೂ ಅಷ್ಟೇ ಹೊತ್ತು ನಿಲ್ಲುತ್ತದಲ್ಲ! ಅಷ್ಟು ಹೊತ್ತು ಇಬ್ಬರೂ ಅಲ್ಲೇ ಓಡಾಡಿ, ಇಡ್ಲಿ ತಿಂದು, ಎರಡು ಸಲ ಚಹಾ ಕುಡಿದೆವು. ಅಪ್ಪ ಒಂದು ಎಳನೀರು ಕುಡಿದರು. ಮನೆಯಲ್ಲಿ ಅಮ್ಮನ ಎದುರು ಅವರೂ ಮುಟ್ಟಲ್ಲ, ವರ್ಷವಾಯಿತು. ಕುಡಿದು ಮುಗಿಸಿ ಬುರುಡೆಯನ್ನು ಕೈಯಲ್ಲೇ ಹಿಡಿದುಕೊಂಡು ನೀರಿನ ಕಡೆ ನೋಡುತ್ತಾ ನಿಂತಿದ್ದರು. ವಾಪಸ್ ಬರುವಾಗ ಗಾಡಿ ಮೊದಲಿನಂತೆಯೇ ಓಡಿತು. ಮೊದಲಿಗಿಂತ ಸ್ಮೂತ್ ಆಗಿದೆ ಅಂತ ನನಗೆ ಅನ್ನಿಸಿತು. ಅದೆಲ್ಲ ದುಡ್ಡು ಕೊಟ್ಟವರಿಗೆ ಅನ್ನಿಸೋದು ಅಂತ ಅಪ್ಪ ಹೇಳಿದರು. ದುಡ್ಡು ಕೊಟ್ಟಿದ್ದು ಅವರೇ ಅಂತ ನೆನಪಿಸಲಿಲ್ಲ.

ಮನೆಗೆ ಬಂದವರೇ ಶೆಡ್ಡಿನಿಂದ ಸಣ್ಣ ಬ್ರಷ್ಷು, ಬಿಳಿ ಪೇಂಟು ತಂದರು. ಬಾನೆಟ್ ಎತ್ತಿ ಒಳಗಿನ ತಗಡಿನ ಮೇಲೆ ಫ್ಯಾಕ್ಟರಿ ಅಕ್ಷರದಲ್ಲಿ ತಾರೀಖು, ಕಿಲೋಮೀಟರ್ ಎರಡನ್ನೂ ಬರೆದರು. ಕೆಳಗೆ 'ಮುಂದಿನದು' ಅಂತ ಬರೆದು ಬ್ರಷ್ಷು ಹಿಡಿದುಕೊಂಡೇ ಯೋಚಿಸುತ್ತಾ ನಿಂತರು. ಅಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, "ನಾಳೆ ಐದಕ್ಕೇ ಅಲ್ವೇನೋ?" ಅಂತ ಕೇಳಿದರು. ಹೌದಮ್ಮಾ ಅಂದೆ. ಅಪ್ಪ 'ಮುಂದಿನದು' ಎದುರಿಗೆ ಐದು ವರ್ಷ ಮುಂದಿನ ಇಸವಿ ಬರೆದು, ಪಕ್ಕದಲ್ಲಿ ಸಣ್ಣದಾಗಿ 'ಮಂಗಳವಾರ' ಅಂತಲೂ ಸೇರಿಸಿ, ಬಾನೆಟ್ ಮುಚ್ಚಿದರು.